ಈ ವಾರ ಲೆನ್ಸ್ ಯಾರ ಮನೆಯದು?

"ಟಕ್!" ಒಂದು ಕಾಲದಲ್ಲಿ ನಮ್ಮ ಮಲ್ಲೇಶ್ವರದ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಕೇಳುತ್ತಿದ್ದ ಆ ಸದ್ದು ಮೊನ್ನೆ ಮತ್ತೆ ಕೇಳಿತು. ಬಿಡಿಸುತ್ತಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ಬೀರುವಿನಲ್ಲಿದ್ದ ಹಳೇ ಝೂಮ್ ಲೆನ್ಸನ್ನು ಮೊಮ್ಮಗಳು ತನ್ನ ಡಿಜಿಟಲ್ ಕ್ಯಾಮೆರಾಗೆ ತಿರುಗಿಸಿ ಕೂರಿಸಿದ್ದಳು.

"ಅಜ್ಜಿ, ಫಿಟ್ ಆಗ್ಬಿಡ್ತು! ಅದೇ ಕಂಪನಿ, ಅದೇ ಮೌಂಟು. ಹತ್ರದ್ದು, ದೂರದ್ದು ಎಲ್ಲಾ ಇದೊಂದ್ರಲ್ಲೇ ತೆಗೀಬಹುದು. ನಂಗೆ ಕೊಟ್ಬಿಡು!"

"ಕೊಡೋಕೆ ಅದು ಪೂರ್ತಿ ನಮ್ದಲ್ಲ ಕಣೇ. ಅರ್ಧ ರಂಗಣ್ಣನವ್ರದ್ದು."

ನಮ್ಮ ಯಜಮಾನರೂ ಚಾಮರಾಜಪೇಟೆಯ ಅವರ ಗೆಳೆಯ ರಂಗಣ್ಣನವರೂ ಸೇರಿ ಕೊಂಡ ಲೆನ್ಸ್ ಅದು. ಇಬ್ಬರಿಗೂ ಆಗಲಿ ಅಂತಲೇ ಒಂದೇ ಕಂಪನಿಯ ಕ್ಯಾಮೆರಾ ಇಟ್ಟುಕೊಂಡಿದ್ದರು. ಲೆನ್ಸ್ ಒಂದು ವಾರ ನಮ್ಮಲ್ಲಿ, ಒಂದು ವಾರ ಅವರಲ್ಲಿ. ಭಾನುವಾರದ ಕಾಫಿ ಹೊತ್ತಿಗೆ ಕೈ ಬದಲಾಗುತ್ತಿತ್ತು. "ಜಾಯಿಂಟ್ ಕಸ್ಟಡಿ" ಅಂತ ನಾನು ಇಬ್ಬರನ್ನೂ ರೇಗಿಸುತ್ತಿದ್ದೆ.

ಯಜಮಾನರ ವೈಕುಂಠ ಸಮಾರಾಧನೆ ಮುಗಿದ ಮೇಲಿನ ಭಾನುವಾರವೂ ರಂಗಣ್ಣನವರು ತಪ್ಪದೆ ಬಂದರು. ಲೆನ್ಸನ್ನು ಟೇಬಲ್ ಮೇಲಿಟ್ಟು, "ಈ ವಾರ ನಿಮ್ಮನೇದು ಕಣಮ್ಮಾ" ಎಂದರು. ಮುಂದಿನ ವಾರ ಒಯ್ಯಲು ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ, "ಇರಲಿ ಬಿಡಿ, ಇನ್ನೊಂದು ವಾರ" ಅನ್ನುತ್ತಿದ್ದರು. ಅವರೂ ಹೋಗಿ ಈಗ ವರ್ಷಗಳಾದವು.

ಮೊಮ್ಮಗಳಿಗೆ ಲೆನ್ಸ್ ಕೊಟ್ಟೆ, ಒಂದು ವಾರಕ್ಕೆ ಮಾತ್ರ ಅಂತ ಹೇಳಿ. ರಂಗಣ್ಣನವರನ್ನು ನಾನು ಕೊನೆಯದಾಗಿ ನೋಡಿದ್ದು ಅವರು ಲೆನ್ಸ್ ಇಟ್ಟುಹೋದ ಆ ಭಾನುವಾರವೇ. ಕಾಫಿ ಮುಟ್ಟದೆ, ಬರಿಗೈಯಲ್ಲಿ, ಮೆಲ್ಲಗೆ ಗೇಟು ಹಾಕಿಕೊಂಡು ಹೋದರು.