ಬಲಗೈಯ ಅಂಜಿಕೆ

ದೊಡ್ಡನೆಕ್ಕುಂದಿಯ ಬಾಡಿಗೆ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದ ಹುಸೇನಮ್ಮನಿಗೆ ೨೦೦೬ರಲ್ಲಿ ಬಲ ಎದೆಯ ಕ್ಯಾನ್ಸರಿಗೆ ಆಪರೇಷನ್ ಆಯಿತು. ವಾರ್ಡಿನಲ್ಲಿ ಅದೇ ಆಪರೇಷನ್ ಆಗಿದ್ದ ಒಬ್ಬಾಕೆಯ ತೋಳು ದಿಂಬಿನಂತೆ ಬಾತಿದ್ದನ್ನು ಕಂಡಂದಿನಿಂದ ಅವಳು ಬಲಗೈ ಎತ್ತಲೇ ಇಲ್ಲ. ಎಂಟು ತಿಂಗಳು ಗಂಡ ಹುಸೇನಪ್ಪನೇ ಅನ್ನ ಬೇಯಿಸಿದ.

ತಪಾಸಣೆಗೆ ಹೋದಾಗ ನರ್ಸ್ ಕೇಳಿದರು, “ಕೈ ಯಾಕ್ರೀ ಹಿಂಗೆ ಬಿಗಿದುಕೊಂಡಿದೆ?”

“ಕೈ ಎತ್ತಿದ್ರ ಬಾವು ಬರ್ತೈತೇನೋ ಅಂತ ಅಂಜಿಕಿರೀ.”

“ಎಲ್ಲರಿಗೂ ಬರಲ್ಲ. ಕೈ ಆಡಿಸ್ದೇ ಇದ್ರೆ ಇನ್ನೂ ಕಷ್ಟ. ನಿಧಾನಕ್ಕೆ ಕೆಲ್ಸ ಶುರು ಮಾಡಿ, ಬಾತಂಗೆ ಅನ್ಸಿದ್ರೆ ತಕ್ಷಣ ಬನ್ನಿ.”

ಮರುದಿನ ಅವಳು ಎರಡೇ ರೊಟ್ಟಿ ಬಡಿದಳು. ಅವಳ ಕೈ ಸುಡಬಾರದೆಂದು ಹುಸೇನಪ್ಪ ಹಂಚಿನ ಮುಂದೆ ಕೂತು ಬೇಯಿಸಿದ. ಸಂಜೆ ತೋಳು ಮುಟ್ಟಿ ನೋಡಿಕೊಂಡಳು, ಬಾತಿರಲಿಲ್ಲ. ಅಂಜಿಕೆ ಪೂರ್ತಿ ಹೋಗಲಿಲ್ಲ. ಆದರೂ ತಿಂಗಳೊಳಗೆ ರೊಟ್ಟಿ ಹತ್ತಾದವು, ಹಳೆಯ ಗಿರಾಕಿಗಳು ಮತ್ತೆ ಬಾಗಿಲಿಗೆ ಬಂದರು.