ಬಲಕ್ಕೆ ಬಿದ್ದ ಕಳೆ

ನನ್ನ ಮೊಮ್ಮಗಳು ಗೌರಿಗೆ ಇವತ್ತು ನ್ಯಾಮತಿಯಲ್ಲಿ ನಡೆದ ಕೈಬರಹದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು! ಬರೆದದ್ದು ಎಡಗೈಯಲ್ಲಿ. ಸವಳಂಗದಲ್ಲಿ ಬಸ್ಸಿಳಿದು ಮನೆವರೆಗೂ ಓಡಿಯೇ ಬಂದಳು. ನಾನು ಆ ಎಡಗೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡೆ. "ಅಜ್ಜೀ, ಸರ್ಟಿಫಿಕೇಟು ಈ ಕೈಯಾಗೈತೆ!" ಎಂದು ಬಲಗೈ ತೋರಿಸಿ ನಕ್ಕಳು. ಅವಳಿಗೇನು ಗೊತ್ತು! ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಪೆನ್ನು ಹಿಡಿದು ಕೂತಿರುವುದು ಇನ್ನೊಂದು ಎಡಗೈಯ ಸಲುವಾಗಿ.

ಆಗಿನ್ನೂ ಜಗಳೂರು ಕಡೆಯ ನಮ್ಮ ಹಳ್ಳಿಯಲ್ಲಿ ಕಳೆಗೆ ಔಷಧಿ ಹೊಡೆಯುವುದು ಯಾರಿಗೂ ಗೊತ್ತಿರಲಿಲ್ಲ. ಕಳೆ ತೆಗೆಯುವುದೆಂದರೆ ಕುರ್ಚಿಗೆ ಎಂಬ ಒಂದು ಪುಟ್ಟ ಕುಡುಗೋಲು, ಒಂದು ಬಗ್ಗಿದ ಬೆನ್ನು. ನನಗೆ ಒಂಬತ್ತು ವರ್ಷ. ಮಳೆ ಹದವಾಗಿ ಬಿದ್ದು ಶೇಂಗಾಕ್ಕಿಂತ ಕಳೆಯೇ ಹುಲುಸಾಗಿ ಎದ್ದಿತ್ತು. ಅಪ್ಪ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡು, ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಮಲಗಿದ್ದ. ಅವ್ವ ಹಸಿ ಬಾಣಂತಿ. ಒಳಕೋಣೆಯ ತುಂಬ ಬಜೆ, ಬೆಳ್ಳುಳ್ಳಿ, ಲೋಬಾನದ ವಾಸನೆ. ಮುಯ್ಯಾಳು ಕರೆಯೋಣವೆಂದರೆ, ತಿರುಗಿ ಅವರ ಹೊಲಕ್ಕೆ ಹೋಗಿ ದುಡಿಯುವವರು ನಮ್ಮಲ್ಲಿ ಯಾರಿದ್ದರು? ಹದಿನೈದು ದಿನದಲ್ಲಿ ಕಳೆ ತೆಗೆಯದಿದ್ದರೆ ಬೆಳೆ ಹೋಯಿತು, ಜೊತೆಗೆ ವರ್ಷದ ಊಟವೂ ಹೋಯಿತು. ನನ್ನನ್ನು ಶಾಲೆ ಬಿಡಿಸಿ ಹೊಲಕ್ಕೆ ಕಳಿಸಿದರು. ಬಿಸಿಲೇರುವ ತನಕ ಕಿತ್ತರೂ ಒಂದು ಸಾಲು ಮುಗಿಯುತ್ತಿರಲಿಲ್ಲ. ಆಮೇಲೆ ಕೂಸನ್ನು ಆಡಿಸಲು ಮನೆಗೆ ಓಡಬೇಕು.

ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ, ನಾನು ಮುಟ್ಟದ ಮೂರು ಸಾಲು ಹಸನಾಗಿದ್ದವು. ಮರುದಿನ ಮತ್ತೆ ಮೂರು!

"ಬಿಟ್ಟಿ ಯಾವನು ಬೆನ್ನು ಬಗ್ಗಿಸ್ತಾನೆ?" ಅಪ್ಪ ಮಂಚದಿಂದಲೇ ಗುಡುಗಿದ. "ಇದು ನನ್ನ ತಮ್ಮಂದೇ ಆಟ. ಇವತ್ತು ಕಳೆ ಕೀಳ್ತಾನೆ, ನಾಳೆ ಬದು ಕೀಳ್ತಾನೆ!"

ಚಿಕ್ಕಪ್ಪ ಬೇರೆಯಾಗಿ, ಮನೆಯ ನಡುವೆ ಗೋಡೆ ಎದ್ದು ಎರಡು ವರ್ಷವಾಗಿತ್ತು. ಹೊಲಗಳು ಅಕ್ಕಪಕ್ಕ, ಆದರೆ ಮಾತಿಲ್ಲ ಕತೆಯಿಲ್ಲ.

"ದೇವ್ರಿಗೆ ಕೈ ಮುಗಿದಿದ್ದೆ, ಯಾರನ್ನೋ ಕಳಿಸ್ಯಾನೆ," ಎಂದಳು ಅವ್ವ. "ಯಾರು ಅಂತ ಅವನೇ ತೋರಿಸ್ತಾನೆ ಬಿಡ್ರಿ."

"ನಿನ್ನ ದೇವ್ರು ಕುರ್ಚಿಗೆ ಹಿಡೀತಾನೇನೇ?" ಎಂದು ಅಪ್ಪ ನನ್ನ ಕಡೆ ತಿರುಗಿದ. "ಲೇ, ಯಾರು ಅಂತ ನೋಡ್ಕೊಂಡು ಬಾ."

ಅಪ್ಪನ ಅನುಮಾನ ನನಗೂ ಅಂಟಿತು. ಹೊಲವನ್ನು ಕಣ್ಣು ಕಿರಿದು ಮಾಡಿ ನೋಡಿದೆ. ನಾವು ಬಲಗೈಯಲ್ಲಿ ಕುರ್ಚಿಗೆ ಹಿಡಿದು, ಎಡಗೈಯಲ್ಲಿ ಕಿತ್ತ ಕಳೆಯನ್ನು ಎಡಕ್ಕೇ ಹಾಕುತ್ತೇವೆ. ಇಲ್ಲಿ ಗುಡ್ಡೆಗಳೆಲ್ಲ ಬಲಕ್ಕೆ! ಅಂದರೆ ಬಂದವರು ಎಡಚರು. ಅಲ್ಲಿಂದ ಊರಿನವರ ಕೈ ಗಮನಿಸುವುದೇ ನನ್ನ ಕೆಲಸವಾಯಿತು. ಬಾವಿಯಲ್ಲಿ ಹಗ್ಗ ಎಳೆಯುವವರು, ಹಿಟ್ಟಿನ ಗಿರಣಿಯವನು, ಯಾರನ್ನೂ ನಂಬಲಿಲ್ಲ. ಗುಡಿಯ ಪೂಜಾರಿ ಎಡಗೈಯಲ್ಲಿ ಗಂಟೆ ಬಾರಿಸಿದ್ದಕ್ಕೆ ಎರಡು ದಿನ ಅವರ ಹಿಂದೆಯೇ ಸುತ್ತಿದೆ. ಚಿಕ್ಕಪ್ಪನ ಹೆಂಡತಿ ಹಾಲವ್ವನನ್ನು ಮಾತ್ರ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವಳು ಊರಿಗೆಲ್ಲ ನಿಧಾನದವಳು. "ಏನವ್ವಾ, ಕಳೆ ಕೀಳ್ತೀಯೋ, ಅದರ ಜೊತೆ ಮಾತಾಡ್ತೀಯೋ?" ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಮನೆಗೆ ಹೋಗದೆ ಬದುವಿನ ಕಳ್ಳಿ ಮರೆಯಲ್ಲಿ ಅಡಗಿದೆ. ಪಕ್ಕದ ಹೊಲದಲ್ಲಿ ಚಿಕ್ಕಪ್ಪ ಬುತ್ತಿ ಉಂಡು, ಮುಖಕ್ಕೆ ಟವೆಲ್ಲು ಎಳೆದುಕೊಂಡು ಬೇವಿನ ನೆರಳಲ್ಲಿ ಮಲಗಿದ. ಬುತ್ತಿ ತಂದಿದ್ದ ಚಿಕ್ಕವ್ವ ಮೆಲ್ಲಗೆ ಬದು ದಾಟಿದಳು. ಕುರ್ಚಿಗೆಯನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡಳು. ಅಬ್ಬಾ, ಆ ಕೈಯ ಓಟ! ನೋಡನೋಡುತ್ತಲೇ ಅರ್ಧ ಸಾಲು ಮುಗಿಯಿತು.

"ಚಿಕ್ಕವ್ವಾ!"

ಕುರ್ಚಿಗೆ ನೆಲಕ್ಕೆ ಬಿತ್ತು. ಅವಳು ಎಡಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. "ಮಗಾ, ಎಡಚಿ ಅಂತ ಯಾರಿಗೂ ಹೇಳಬ್ಯಾಡ. ಬೀಜ ಬಿತ್ತಾಕೆ ಆಗಿಬರದ ಕೈ ಅಂತ ತವರಿಗೆ ಅಟ್ತಾರೆ."

"ಕಳೆ ಕಿತ್ತಿದ್ದು ಹೇಳಬೌದಾ?"

"ಅದಂತೂ ಬ್ಯಾಡೇ ಬ್ಯಾಡ. ನಿಮ್ಮಪ್ಪ ಮುರುಕು ಕಾಲಾಗೇ ಜಗಳಕ್ಕೆ ಬರ್ತಾನೆ."

"ಮತ್ಯಾಕೆ ಬಂದೆ?"

"ನಿಮ್ಮವ್ವ ದೇವ್ರನ್ನ ಕೂಗ್ತಿದ್ಲಲ್ಲ. ಗೋಡೆ ತೆಳ್ಳಗೈತೆ ಮಗಾ. ನನಗೂ ಕೇಳ್ತು."

ಮನೆಯಲ್ಲಿ ಅಪ್ಪನಿಗೆ, "ಯಾರೂ ಕಾಣಲಿಲ್ಲ" ಎಂದೆ. ಅವ್ವ ಒಳಗೆ ಕರೆದು ಮೆತ್ತಗೆ ಕೇಳಿದಳು: "ದೇವ್ರು ತೋರಿಸಿದ್ನಾ?" ನಾನು ಹೌದೆಂದು ತಲೆಯಾಡಿಸಿದೆ. "ಹಂಗಾರೆ ಸುಮ್ನಿರು." ಹೆಸರು ಕೇಳಲಿಲ್ಲ. ಮರುದಿನ ತನ್ನ ಬಾಣಂತನದ ಪಾಲಿನ ಎರಡು ಅಂಟಿನ ಉಂಡೆ ಕಟ್ಟಿಕೊಟ್ಟು, "ಬದುವಿನ ಕಲ್ಲಿನ ಮೇಲಿಡು" ಎಂದಳು.

ಶೇಂಗಾ ಮನೆ ತುಂಬಿತು. ಅಪ್ಪ ಮಾತ್ರ ಸಾಯುವ ತನಕ ಪ್ರತಿ ಮಳೆಗಾಲ ಹೆಜ್ಜೆ ಹಾಕಿ ಬದು ಅಳೆದ. ಒಂದು ಗೇಣೂ ಕಡಿಮೆಯಾಗಿರಲಿಲ್ಲ.

ಚಿಕ್ಕವ್ವ ತೀರಿಕೊಂಡಾಗಲೂ ಜನ, "ಒಳ್ಳೆಯವಳು, ಕೈ ಮಾತ್ರ ನಿಧಾನ" ಎಂದರು. ಅವಳ ಮಾತಿಗೆ ಕಟ್ಟುಬಿದ್ದು ನಾನು ಬಾಯಿ ಬಿಡಲಿಲ್ಲ. ಈಗ ನಮ್ಮ ಮನೆಗಳ ಗೋಡೆಗಳು ಸಿಮೆಂಟಿನವು, ಗಟ್ಟಿ. ಆಚೆ ಯಾರು ದೇವರನ್ನು ಕೂಗಿದರೂ ಈಚೆಗೆ ಕೇಳಿಸದು.

ಸಂಜೆ ಎಲ್ಲರೂ ಸಾಲಾಗಿ ಉಣ್ಣಲು ಕೂತೆವು. ಬಹುಮಾನದ ಖುಷಿಗೆ ಶೇಂಗಾ ಹೋಳಿಗೆ. ಗೌರಿ ಎಡಗೈಯಲ್ಲಿ ಬಡಿಸಲು ಬಂದಳು.

"ಬಲಗೈಲಿ ಹಾಕೇ, ಅಜ್ಜಿಗೆ ಎಡಗೈ ಚಾಚ್ತೀಯಲ್ಲ!" ಸೊಸೆ ಗದರಿದಳು.

"ಆ ಕೈಲೇ ಹಾಕ್ಲಿ ಬಿಡವ್ವಾ," ಎಂದು ತಟ್ಟೆ ಮುಂದೆ ಹಿಡಿದೆ. ಹೋಳಿಗೆ ಮುರಿಯುತ್ತ ಮೊದಲ ಸಲ ಹಾಲವ್ವನ ಹೆಸರೆತ್ತಿದೆ. ಹೇಳಿ ಮುಗಿಸುವಷ್ಟರಲ್ಲಿ ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತ್ತು. ಸೊಸೆ ತನ್ನ ತಟ್ಟೆಯನ್ನು ಗೌರಿಯ ಎಡಗೈ ಕಡೆ ಚಾಚಿದಳು.