ಬೇಲಿಯ ಕಳ್ಳಿ, ಖಾಜಾಬಿಯ ಸಸಿ

ಕಳ್ಳಿಯನ್ನು ಕೊಯ್ದಾಗ ಏಳುವ ವಾಸನೆ ನಿಮಗೆ ಗೊತ್ತೇ? ಹಸಿ ಸೌತೆಕಾಯಿಯಂಥದ್ದು, ತುಸು ಒಗರು. ಇಂದು ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಕಳ್ಳಿಗೆ ಕಸಿ ಮಾಡುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಟ್ಟು ನೆತ್ತಿಗೇರಿತು. ಈ ವಯಸ್ಸಿನಲ್ಲಿ ಸಿಟ್ಟು ಒಳ್ಳೆಯದಲ್ಲವಂತೆ. ಇರಲಿ ಬಿಡಿ.

ನಾನು ಮಕ್ತಲ್ ಊರಿಗೆ ಸೊಸೆಯಾಗಿ ಬಂದಾಗ ನನಗೆ ರೊಟ್ಟಿ ಬಡಿಯಲೂ ನೆಟ್ಟಗೆ ಬರುತ್ತಿರಲಿಲ್ಲ. ನನ್ನ ರೊಟ್ಟಿಯ ಅಂಚು ನಿಜಾಮರ ರಾಜ್ಯದ ಗಡಿಯಷ್ಟೇ ಸೊಟ್ಟ. ನಗದೆ ಇದ್ದವರು ಬೇಲಿಯಾಚೆಯ ಖಾಜಾಬಿ ಒಬ್ಬರೇ. ಅವರ ಗಂಡ ಉರ್ದು ಶಾಲೆಯ ಮಾಸ್ತರರು. ತಮ್ಮ ಅಣ್ಣ ಹೈದರಾಬಾದಿನಿಂದ ತಂದ ಬೀಜ ಬಿತ್ತಿ ಖಾಜಾಬಿ ಎಂಟು ಕಳ್ಳಿಸಸಿಗಳನ್ನು ಎಬ್ಬಿಸಿದ್ದರು. ವರ್ಷ ಕಳೆದರೂ ಒಂದೊಂದೂ ಕಡಲೆಕಾಳಿನಷ್ಟೇ ಇತ್ತು.

ನಿಜಾಮರ ಮೇಲೆ ಭಾರತದ ಸೈನ್ಯ ಬಂದ ಪೋಲೀಸ್ ಆಕ್ಷನ್ ಸುದ್ದಿ ಮುಟ್ಟಿದ ವಾರ ಮಳೆ ಹಿಡಿದು, ಸಸಿಗಳ ಬೇರು ಕೊಳೆಯತೊಡಗಿತು. ಮಾಸ್ತರರ ಮನೆಯವರು ಜೀವಭಯದಿಂದ ಗದ್ವಾಲದ ನೆಂಟರಲ್ಲಿಗೆ ಹೊರಟು ನಿಂತಿದ್ದರು. ಅಂಥ ಹೊತ್ತಿನಲ್ಲೂ ಖಾಜಾಬಿ ಸಸಿಯ ತಟ್ಟೆ ಹಿಡಿದು ಬಂದರು.

'ಬೇಟಿ, ನಿಮ್ಮ ಬೇಲಿ ಕಳ್ಳಿ ಗಟ್ಟಿ ಐತಿ. ಇವನ್ನ ಅದರ ಮ್ಯಾಲೆ ಕೂಡ್ಸೂಣು. ಬೇರಿನಾಗ ಜೀವ ಇಲ್ಲಂದ್ರೂ ತಲಿ ಉಳೀತಾವ.'

ಬಿಸಿನೀರಿನಲ್ಲಿ ಅದ್ದಿದ ಬ್ಲೇಡಿನಿಂದ ಬೇಲಿಯ ಪಾಪಾಸುಕಳ್ಳಿಯ ತುದಿ ಕೊಯ್ದರು, ಸಸಿಯ ಬುಡ ಕೊಯ್ದರು. 'ತಡಾ ಮಾಡಬ್ಯಾಡ. ರಸ ಆರಿತಂದ್ರ ಹೋತು.' ಕೊಯ್ದ ಮುಖದ ನಡುವೆ ಕಾಣುವ ಉಂಗುರಕ್ಕೆ ಉಂಗುರ ತಾಗುವಂತೆ ಕೂಡಿಸಿದರೆ ಲೋಳೆಯೇ ಅಂಟು. ನಾಲ್ಕನ್ನು ಅವರು ಕೂಡಿಸಿದರು, ನಾಲ್ಕನ್ನು ನನ್ನ ಕೈಯಿಂದ ಮಾಡಿಸಿದರು. ಮಳೆ ತಾಗದಂತೆ ತೆಂಗಿನ ಚಿಪ್ಪು ಕವುಚಿ ಹೊರಟುಹೋದರು.

ಅವರು ತಿರುಗಿ ಬರುವಷ್ಟರಲ್ಲಿ ಕಸಿಗಳು ನಿಂಬೆಹಣ್ಣಿನಷ್ಟಾಗಿದ್ದವು. ಅವರ ಮನೆಗೆ ನಮ್ಮ ಬೀಗ ಬಿದ್ದಿತ್ತು, ಅಂಗಳದಲ್ಲಿ ನಮ್ಮ ಎಮ್ಮೆ ಕಟ್ಟಿತ್ತು. ಬಂದವರಿಗೆಲ್ಲ ನಮ್ಮ ಮಾವನವರು 'ನಮ್ಮ ಬೇಲ್ಯಾಗ ಬೆಳದದ್ದು' ಎಂದು ಕಸಿಗಳನ್ನು ತೋರಿಸುತ್ತಿದ್ದರು. ಖಾಜಾಬಿ ಒಬ್ಬರೇ ಬಂದಿದ್ದರು. ಮಾಸ್ತರರು ಏನಾದರೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

'ಸಾವ್ಕಾರ್ರ, ಮನಿ ಮಾತು ಆಮ್ಯಾಲ ಆಡೂಣ್ರಿ. ನನ್ನ ಗಿಡ ಬುಡಾ ಸಮೇತ ಒಯ್ತೀನ್ರಿ.'

'ಬುಡ ನಮ್ದೈತಿ. ಬುಡ ಯಾರ್ದೋ ಗಿಡ ಅವರ್ದು.'

'ಮ್ಯಾಲಿಂದು ನಂದ್ರಿ. ನಿಮ್ಮ ಸೊಸೀನ ಕೇಳ್ರಿ.'

ಮಾವ ನನ್ನತ್ತ ತಿರುಗಿದರು. 'ಹೌದು' ಎಂದಿದ್ದರೆ ಸಾಕಿತ್ತು. ನಾನು ಸೆರಗು ಸರಿಮಾಡಿಕೊಂಡೆ.

ಖಾಜಾಬಿ ಜಗಳಾಡಲಿಲ್ಲ. 'ಹಂಗಾದ್ರ ನಂದಷ್ಟು ನಾ ಕೊಯ್ಕೋತೀನಿ' ಎಂದು ಎಂಟನ್ನೂ ಕೊಯ್ದು, ದುಪಟ್ಟಾದಲ್ಲಿ ಕಟ್ಟಿಕೊಂಡು ನಡೆದರು. ರಸ ಆರುವುದರೊಳಗೆ ಬೇರೆ ಬುಡ ಸಿಗಬೇಕಲ್ಲ? ದಾರಿಯುದ್ದಕ್ಕೂ ಕಳ್ಳಿಬೇಲಿಗಳೇನೋ ಇದ್ದವು. ಆ ವರ್ಷ ಒಂದೊಂದು ಬೇಲಿಗೂ ಒಬ್ಬೊಬ್ಬ ನಮ್ಮ ಮಾವ ಇದ್ದ.

ಮಾವ ಸತ್ತು ಎಷ್ಟೋ ಕಾಲವಾಯಿತು. ಅವರ ಮೇಲೆ ಹಲ್ಲು ಕಡಿಯುತ್ತಲೇ ನಾನು ಮುದುಕಿಯಾದೆ. ಅದೂ ಒಂದು ಸುಖವೇ, ನೋಡಿ. ನನ್ನನ್ನು ನಾನು ಬೈದುಕೊಳ್ಳುವುದು ತಪ್ಪುತ್ತದೆ. ಈ ಕೆಲಸ ಯಾರು ಕಲಿಸಿದರು ಎಂದು ಕೇಳಿದವರಿಗೆಲ್ಲ 'ನಂದು ನಾನೇ ಕಲ್ತೀನಿ' ಎಂದು ಹೇಳಿಕೊಂಡು ಬಂದೆ.

ಈಗ ತಾನೇ ಪಕ್ಕದ ಮನೆಯ ಹುಡುಗಿ ಬಂದು ಅದನ್ನೇ ಕೇಳಿದಳು. ನಾಲಿಗೆಯ ತುದಿಗೆ ಬಂದಿದ್ದ ಸುಳ್ಳನ್ನು ನುಂಗಿ, 'ಖಾಜಾಬಿ ಅಂತ, ಬಾಜೂ ಮನಿಯವ್ರು' ಎಂದೆ.

'ಈಗ ಎಲ್ಲಿದ್ದಾರ್ರಿ ಅವ್ರು?'

'ಗೊತ್ತಿಲ್ಲವ್ವ. ಅವತ್ತು ನಮ್ಮ ಬಾಗಲದಾಗ ನಿಂತಿದ್ರು. ನಾ ಬಾಯಿ ಬಿಡ್ಲಿಲ್ಲ.'